ಅರಗಿನ ಗೊಂಬೆಗಳನ್ನು ಬಲ್ಬಿನ ಬೆಳಕಲ್ಲಿ ಡೇಲೈಟ್ ಸ್ಲೈಡಿಗೆ ತೆಗೆಯಬೇಡಿ
36 ಫ್ರೇಮಿನ ಪೂರ್ತಿ ರೋಲ್ ಹಾಳಾಯಿತು. ಫಿಲ್ಮ್ ಪ್ರೊವಿಯಾ 100ಎಫ್ (ಹಗಲು ಬೆಳಕಿನ, ಅಂದರೆ ಡೇಲೈಟ್, ಸ್ಲೈಡ್ ಫಿಲ್ಮ್; ತೊಳೆದ ಫಿಲ್ಮಿನಲ್ಲೇ ನೇರ ಬಣ್ಣದ ಚಿತ್ರ ಸಿಗುತ್ತದೆ), ಮುಂದೆ ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಮರದ ಗೊಂಬೆಗಳು, ಎರಡು ಬದಿಗೂ ಫೋಟೋ ಬಲ್ಬು. ಫೋಕಸ್ ಸರಿ, ಎಕ್ಸ್‌ಪೋಷರ್ ಸರಿ, ಲ್ಯಾಬಿನವರದ್ದೂ ತಪ್ಪಿಲ್ಲ. ಆದರೂ ಲೈಟ್ ಬಾಕ್ಸಿನ ಮೇಲಿಟ್ಟು ನೋಡಿದರೆ ಬಿಳಿ ಹಿನ್ನೆಲೆ ಕಿತ್ತಳೆಯಾಗಿತ್ತು. ಗೊಂಬೆಯ ಸೊಂಟದ ನೀಲಿ ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅರಿಶಿನದ ಹಳದಿ ಯಾವುದು, ಬಣ್ಣ ಹಚ್ಚದ ಹಾಲೆ ಮರದ ಬಿಳುಪು ಯಾವುದು ಎಂದು ಗುರುತೇ ಸಿಗದು.

ಕಾರಣ ಇಷ್ಟೇ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಕಿತ್ತಳೆ. ಡೇಲೈಟ್ ಫಿಲ್ಮ್ 5500 ಕೆಲ್ವಿನ್ ಬೆಳಕಿಗೆ ತಯಾರಾದದ್ದು, ಫೋಟೋ ಬಲ್ಬು ಕೊಡುವುದು 3200. ಅದರಲ್ಲಿ ನೀಲಿ ಬೆಳಕು ತೀರಾ ಕಡಿಮೆ. ‘ಸ್ಕ್ಯಾನ್ ಮಾಡುವಾಗ ಸರಿಮಾಡಿದರಾಯಿತು’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಸ್ಲೈಡಿನಲ್ಲಿ ದಾಖಲಾಗದ ನೀಲಿಯನ್ನು ಸ್ಕ್ಯಾನರ್ ಎಲ್ಲಿಂದ ತರಬೇಕು?

ಬಲ್ಬೇ ಗತಿ ಎನ್ನುವವರು ಲೆನ್ಸಿಗೆ 80ಎ ನೀಲಿ ಫಿಲ್ಟರ್ ಹಾಕಲೇಬೇಕು. ಅದು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ನುಂಗುತ್ತದೆ: ಫಿಲ್ಟರ್ ಇಲ್ಲದೆ ಮೀಟರ್ 1 ಸೆಕೆಂಡ್ ತೋರಿಸಿದರೆ 4 ಸೆಕೆಂಡ್ ಕೊಡಿ. ಎಡವುವುದು ಇಲ್ಲೇ. ಎಕ್ಸ್‌ಪೋಷರ್ ಉದ್ದವಾದಾಗ ಕೆಲವು ಫಿಲ್ಮುಗಳ ಸಂವೇದನೆ ತಗ್ಗಿ ಬಣ್ಣವೂ ವಾಲುತ್ತದೆ. ಇನ್ನೊಂದು ಸ್ಲೈಡ್ ಫಿಲ್ಮ್ ವೆಲ್ವಿಯಾ 50ಕ್ಕೆ 4 ಸೆಕೆಂಡಿನಿಂದಲೇ ಹೆಚ್ಚುವರಿ ಎಕ್ಸ್‌ಪೋಷರ್ ಮತ್ತು ಮೆಜೆಂಟಾ (ನೇರಳೆಗೆಂಪು) ಫಿಲ್ಟರಿನ ತಿದ್ದುಪಡಿ ಬೇಕು. ಪ್ರೊವಿಯಾಗೆ 128 ಸೆಕೆಂಡಿನವರೆಗೆ ಏನೂ ಬೇಡ. ಅಲ್ಲದೆ ವೆಲ್ವಿಯಾ ಕೆಂಪನ್ನು ಎಷ್ಟು ಗಾಢ ಮಾಡುತ್ತದೆಂದರೆ, ಕುಶಲಕರ್ಮಿ ಹದವಾಗಿ ಹಚ್ಚಿದ ಬಣ್ಣ ರಾಸಾಯನಿಕ ಬಣ್ಣದಂತೆ ಕಾಣುತ್ತದೆ. ಕರಕುಶಲ ವಸ್ತುಗಳಿಗೆ ಅದು ಬೇಡವೇ ಬೇಡ. ಮನೆಯ ಸಾಮಾನ್ಯ ಬಲ್ಬು ಸುಮಾರು 2700 ಕೆಲ್ವಿನ್, ಅದಕ್ಕೆ 80ಎ ಕೂಡ ಸಾಲದು.

ಟಂಗ್‌ಸ್ಟನ್ ಫಿಲ್ಮ್ (ಬಲ್ಬಿನ ಬೆಳಕಿಗೆಂದೇ ಮಾಡಿದ್ದು) ಎಂದು ಸಿನೆಸ್ಟಿಲ್ 800ಟಿ ಕೊಳ್ಳುವವರಿಗೆ ಇನ್ನೊಂದು ತೊಂದರೆ. ಅರಗಿನ ಮೇಲೆ ಬಲ್ಬು ಮಿಂಚುವ ಪ್ರತಿ ಚುಕ್ಕೆಯ ಸುತ್ತ ಕೆಂಪು ವರ್ತುಲ ಮೂಡಬಹುದು. ಹಳೆಯ ಟಂಗ್‌ಸ್ಟನ್ ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮ್ 64ಟಿ ಈಗ ತಯಾರಾಗುತ್ತಿಲ್ಲ, ಅವಧಿ ಮುಗಿದ ರೋಲಿನ ಬಣ್ಣವನ್ನು ನಂಬುವಂತಿಲ್ಲ. 2018ರಲ್ಲಿ ಮರಳಿ ಬಂದ ಎಕ್ಟಾಕ್ರೋಮ್ ಇ100 ಡೇಲೈಟ್ ಫಿಲ್ಮೇ.

ಸುಲಭ ದಾರಿ ಕಿಟಕಿ. ಬಿಸಿಲು ಬೀಳುವ ಕಿಟಕಿಗೆ ತೊಳೆದ ಬಿಳಿ ಪಂಚೆ ಕಟ್ಟಿ, ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ, ಕೋಣೆಯ ದೀಪಗಳನ್ನೆಲ್ಲ ಆರಿಸಿ. ಒಂದು ಬಲ್ಬು ಉರಿಯುತ್ತಿದ್ದರೂ ಗೊಂಬೆಯ ಒಂದು ಮಗ್ಗುಲು ಹಳದಿಯಾಗುತ್ತದೆ, ಅದನ್ನು ಯಾವ ಫಿಲ್ಟರೂ ತಿದ್ದಲಾರದು. ಪಂಚೆಯ ಬೆಳಕಲ್ಲಿ ಅರಗಿನ ಹೊಳಪು ಚುಚ್ಚುವ ಚುಕ್ಕೆಯಾಗದೆ ಮೆತ್ತನೆಯ ಪಟ್ಟಿಯಾಗಿ, ಕಡೆದ ದುಂಡಗನ್ನು ಎತ್ತಿ ತೋರಿಸುತ್ತದೆ. ಮೀಟರನ್ನು ಬಿಳಿ ಹಿನ್ನೆಲೆಗೆ ಹಿಡಿಯದೆ ಗ್ರೇ ಕಾರ್ಡಿಗೆ (ಮೀಟರ್ ಅಳತೆಗೆಂದೇ ಇರುವ ಬೂದು ಹಲಗೆ) ಹಿಡಿಯಿರಿ. ಸ್ಲೈಡಾದರೆ ಅರ್ಧ ಸ್ಟಾಪ್ ಮೇಲೆ, ಅರ್ಧ ಕೆಳಗೆ ಒಂದೊಂದು ಫ್ರೇಮ್ ಹೆಚ್ಚಿಗೆ ತೆಗೆಯಿರಿ. ಅಷ್ಟು ನಿಖರತೆ ಕಷ್ಟವೆಂದರೆ ಪೋರ್ಟ್ರಾ 160 ನೆಗೆಟಿವ್ ತಗೊಳ್ಳಿ, ಒಂದು ಸ್ಟಾಪ್ ಹೆಚ್ಚಾದರೂ ತಡೆದುಕೊಳ್ಳುತ್ತದೆ.

ಗೊಂಬೆಗಳನ್ನು ವಾಪಸ್ ಕಳಿಸುವ ಮೊದಲೇ ರೋಲ್ ತೊಳೆಸಿ ನೋಡಿ.