ಬೋರ್ಡಿಲ್ಲದ ಅಂಗಡಿ, ಕಿಲೋ ಲೆಕ್ಕದ ಜೀನ್ಸ್, ನಮ್ಮನೆ ಕೌದಿ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಹೆಸರಿಲ್ಲ. ಬೋರ್ಡೂ ಇಲ್ಲ. ಬಳ್ಳಾರಿಯ ಕೌಲ್ ಬಜಾರ್ ಕಡೆ ಹೋಗಿ ಯಾವುದಾದರೂ ಟೈಲರ್ ಹತ್ತಿರ "ಹಳೇ ಬಟ್ಟೆ, ಕಟ್‌ಪೀಸು ತೂಕಕ್ಕೆ ಕೊಡ್ತಾರಲ್ಲ, ಎಲ್ಲಿ?" ಅಂತ ಕೇಳಿದರೆ ಕೈ ತೋರಿಸುತ್ತಾರೆ. ಒಂದು ಶಟರ್, ಒಳಗೆ ಸುರಂಗದ ಹಾಗೆ ಉದ್ದ ಕೋಣೆ, ಬಾಗಿಲಲ್ಲಿ ತಕ್ಕಡಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಾಚಾ. ಕಳೆದ ಬೇಸಿಗೆಯಿಂದ ಏಳೆಂಟು ಸಲ ಹೋಗಿ ಬಂದಿದ್ದೇನೆ, ಮೋಸವನ್ನೂ ಹೋಗಿದ್ದೇನೆ, ಹಾಗಾಗಿ ರಿವ್ಯೂ ಬರೆಯುವ ಹಕ್ಕು ನನಗಿದೆ.

ಹೋಗಿದ್ದು ಮಕ್ಕಳ ಕಾಟಕ್ಕೆ. ಏಪ್ರಿಲ್ ರಜೆ, ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಇಬ್ಬರ ಕೈಯಲ್ಲೂ ಮೊಬೈಲ್. ಆನ್‌ಲೈನ್‌ನಲ್ಲಿ ಒಂದು ಹೊಲಿಗೆ ಕಿಟ್ ತರಿಸಿದೆ, 600 ರೂಪಾಯಿ. ಡಬ್ಬಿ ಬಿಚ್ಚಿದರೆ ಅಂಗೈಯಗಲದ ನಾಲ್ಕು ಬಟ್ಟೆ ತುಂಡು, ಎರಡು ಪ್ಲಾಸ್ಟಿಕ್ ಸೂಜಿ, ಒಂದು ಗೂಬೆ ಚಿತ್ರ. ಮುಕ್ಕಾಲು ಗಂಟೆಯಲ್ಲಿ ಗೂಬೆ ತಯಾರಾಯಿತು, ಮತ್ತೆ ಮೊಬೈಲ್. ಅವತ್ತು ಸಂಜೆ ಬ್ಲೌಸ್ ಕೊಡಲು ಹೋದಾಗ ನಮ್ಮ ಟೈಲರ್ ಅಕ್ಕ ನಕ್ಕುಬಿಟ್ಟರು. ಬಳ್ಳಾರಿಯಲ್ಲಿದ್ದುಕೊಂಡು ಬಟ್ಟೆ ತುಂಡಿಗೆ 600 ಕೊಟ್ಟಿಯಾ ಅಂತ. ಅವರೇ ಈ ಅಂಗಡಿ ತೋರಿಸಿದ್ದು.

ಅಕ್ಕ ನಕ್ಕಿದ್ದು ಸುಮ್ನೆ ಅಲ್ಲ. ಈ ಊರಲ್ಲಿ ಜೀನ್ಸ್ ಹೊಲಿಯುವ ಘಟಕಗಳು ನೂರಾರಿವೆ. ಪ್ಯಾಂಟ್ ಕತ್ತರಿಸಿದ ಮೇಲೆ ಉಳಿಯುವ ತುಂಡು, ಹೊಲಿಗೆ ತಪ್ಪಿದ ಪೀಸು, ಬಣ್ಣ ಸರಿಯಾಗಿ ಕೂರದ ರಿಜೆಕ್ಟ್ ಮಾಲು, ಎಲ್ಲ ಮೂಟೆಗಟ್ಟಲೆ ಆಚೆ ಬರುತ್ತದೆ. ಅಂಗಡಿಯ ಮುಂದಿನ ಅರ್ಧ ತುಂಬಾ ಅದೇ. ಹಿಂದಿನ ಅರ್ಧ ಹಳೇ ಬಟ್ಟೆ, ಯಾರೋ ಉಟ್ಟಿದ್ದು, ತೊಟ್ಟಿದ್ದು. ಮೂಲೆಯಲ್ಲಿ ಸ್ವಲ್ಪ ಪಾತ್ರೆ, ಗಡಿಯಾರ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಒಂದು ಕಾಲಿಲ್ಲದ ಆಟಿಕೆ ಕುದುರೆ, ಹೀಗೆ ಏನೇನೋ.

ಡೆನಿಮ್ ತುಂಡು ಕಿಲೋಗೆ 50. ರಿಜೆಕ್ಟ್ ಪ್ಯಾಂಟ್ ಒಂದಕ್ಕೆ 60ರಿಂದ 100. ಹಳೇ ಕಾಟನ್ ಸೀರೆ 70ರಿಂದ ಶುರು. ಗುಂಡಿಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿರುತ್ತಾರೆ, ಒಂದು ಹಿಡಿಗೆ 10 ರೂಪಾಯಿ. ಹಿಡಿ ಅಂದರೆ ಯಾರ ಹಿಡಿ ಅಂತ ನನ್ನ ಮಗ ಕೇಳಿದ, ಚಾಚಾ "ನಿನ್ನದೇ ಹಾಕಪ್ಪ" ಅಂದರು. ಅವನು ಅಪ್ಪನ ಕೈ ಮುಂದೆ ಮಾಡಿದ.

ಈ ಅಂಗಡಿಗೆ ಬಟ್ಟೆಗಾಗಿ ಹೋಗಿ, ಉಡುಪಿಗಾಗಿ ಹೋಗಬೇಡಿ. ಹಾಕಿಕೊಳ್ಳಲು ಪ್ಯಾಂಟ್ ಸಿಗುತ್ತದೆ ಅಂತ ಹೋದವರು ಅಳತೆ ಸಿಗದೆ, ಜಿಪ್ ಸರಿಯಿಲ್ಲದೆ ಬೈದುಕೊಂಡು ಬರುತ್ತಾರೆ. ನನ್ನ ತಂಗಿ ಹಾಗೇ ಬಂದಳು. ಅದೇ ಪ್ಯಾಂಟನ್ನು ಒಂದೂವರೆ ಮೀಟರ್ ಬಟ್ಟೆ, ನಾಲ್ಕು ಜೇಬು, ಒಂದು ಜಿಪ್, ಒಂದು ಲೋಹದ ಗುಂಡಿ ಅಂತ ನೋಡಿದರೆ 60 ರೂಪಾಯಿಗೆ ಲಾಟರಿ.

ಆದರೆ ಎಲ್ಲ ಡೆನಿಮ್ಮೂ ಒಂದೇ ಅಲ್ಲ, ಇದನ್ನು ನಾನು ಸೂಜಿ ಮುರಿದುಕೊಂಡು ಕಲಿತೆ. ಜೀನ್ಸ್ ಬಟ್ಟೆಯನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಚದರ ಗಜ ಎಷ್ಟು ತೂಗುತ್ತದೆ ಅಂತ. ಗಟ್ಟಿ ಪ್ಯಾಂಟಿನದು 12 ಔನ್ಸ್, ಅಂದರೆ ಚದರ ಮೀಟರ್‌ಗೆ ಸುಮಾರು 400 ಗ್ರಾಂ. ಶರ್ಟಿಗೆ ಬಳಸುವ ತೆಳು ಡೆನಿಮ್ ಅದರ ಅರ್ಧದಷ್ಟೂ ಇರುವುದಿಲ್ಲ. ಬ್ಯಾಗಿಗೆ ಗಟ್ಟಿಯದು, ಉಳಿದದ್ದಕ್ಕೆಲ್ಲ ತೆಳುವಿನದು. ನಮ್ಮನೆಯ ಕಾಲು ಮಷಿನ್‌ಗೆ ಬ್ಲೌಸ್ ಹೊಲಿಯುವ ಸೂಜಿಯನ್ನೇ ಬಿಟ್ಟು ಗಟ್ಟಿ ಜೀನ್ಸಿನ ನಾಲ್ಕು ಪದರ ಕೊಟ್ಟೆ, ಟಪ್ ಅಂತ ಮುರಿದು ತುಂಡು ಹಾರಿತು, ಪುಣ್ಯಕ್ಕೆ ಕನ್ನಡಕ ಇತ್ತು. 16 ಅಥವಾ 18ನೇ ನಂಬರ್ ಸೂಜಿ ಹಾಕಿ, ಪದರ ಜಾಸ್ತಿ ಇರುವ ಕಡೆ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಮಕ್ಕಳು ಹತ್ತಿರ ಇದ್ದರಂತೂ ಇದನ್ನು ಮರೆಯಬೇಡಿ.

ಎಳೆದರೆ ರಬ್ಬರಿನಂತೆ ಬರುವ ಸ್ಟ್ರೆಚ್ ಜೀನ್ಸ್ ಬೇಡವೇ ಬೇಡ. ಹೊಲಿದ ಮೇಲೆ ಅಲೆಅಲೆಯಾಗಿ ಸುಕ್ಕಾಗುತ್ತದೆ. ಸೀರೆಗಳಲ್ಲೂ ಹುಷಾರು, ಕಾಟನ್ ಅಂತ ಕೊಟ್ಟದ್ದರಲ್ಲಿ ಅರ್ಧ ಪಾಲಿಯೆಸ್ಟರ್ ಇರುತ್ತದೆ. ಅಂಚಿನಿಂದ ಒಂದು ಎಳೆ ಕಿತ್ತು, ಅಂಗಡಿಯಿಂದ ದೂರ ಬಂದು ಕಡ್ಡಿ ಗೀರಿ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿದರೆ ಹತ್ತಿ. ಮುದುಡಿ ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಚಾಚಾಗೆ ಇದು ಗೊತ್ತು, ನಾನು ಎಳೆ ಕಿತ್ತ ಕೂಡಲೇ ಬೆಂಕಿಪೊಟ್ಟಣ ಮುಂದೆ ಚಾಚುತ್ತಾರೆ. ಆ ವಿಷಯದಲ್ಲಿ ಮನುಷ್ಯ ಸಾಚಾ.

ತೂಕದ ವಿಷಯದಲ್ಲಿ ಅಷ್ಟು ಸಾಚಾ ಅಲ್ಲ. ಮಳೆಗಾಲದಲ್ಲಿ ಒಂದು ಗಂಟು ತಂದೆ, 4 ಕಿಲೋ. ಮನೆಯಲ್ಲಿ ಬಿಚ್ಚಿ ಒಣಗಿಸಿ ತೂಗಿದರೆ ಮೂರೂಕಾಲು. ಒದ್ದೆ ಬಟ್ಟೆ ತೂಕ ಬರುತ್ತದೆ ಅಲ್ವಾ! ಕೇಳಿದರೆ "ಮಳೆ ನಾ ತರಿಸಿದ್ನಾ ಅಮ್ಮಾ" ಅಂದರು. ಅವತ್ತಿಂದ ಗಂಟಿನೊಳಗೆ ಕೈ ಹಾಕಿ ನೋಡದೆ ತೂಗಿಸುವುದಿಲ್ಲ. ಗಂಟಿನ ಮೇಲೆ ಚೆಂದದ ದೊಡ್ಡ ತುಂಡು, ನಡುವೆ ಬೆರಳಗಲದ ಚಿಂದಿ ಇಡುವುದೂ ಉಂಟು. ಬಿಚ್ಚಿ ಸುರಿಯಿರಿ, ಬೇಡ ಅನ್ನುವುದಿಲ್ಲ, ಮುಖ ಮಾತ್ರ ಸಿಂಡರಿಸುತ್ತಾರೆ.

ಬಟ್ಟೆ ಬಿಟ್ಟು ಬೇರೆ ಏನೂ ತರಬೇಡಿ. 250 ರೂಪಾಯಿಗೆ ಮಿಕ್ಸಿ ತಂದಿದ್ದೆ, ಎರಡು ಸಲ ಶೇಂಗಾ ಚಟ್ನಿ ಮಾಡಿದ ಮೇಲೆ ಹೊಗೆ ಬಂತು. ವಾಪಸ್ ತಗೊಳ್ಳುವ ಮಾತೇ ಇಲ್ಲ. ಉಣ್ಣೆ ಕೋಟುಗಳೂ ನೇತಾಡುತ್ತವೆ. ಹೊರದೇಶದ ಹಳೇ ಬಟ್ಟೆ ಹಡಗಲ್ಲಿ ಗುಜರಾತಿನ ಕಾಂಡ್ಲಾಕ್ಕೆ ಬರುತ್ತವಲ್ಲ, ಅವುಗಳಲ್ಲೇ ಕೆಲವು ದಾರಿ ತಪ್ಪಿ ಬಂದಿರಬೇಕು. ಬಳ್ಳಾರಿಯಲ್ಲಿ ಮೊಣಕಾಲುದ್ದದ ಉಣ್ಣೆ ಕೋಟು ಯಾರಿಗೆ? ಬಟ್ಟೆಗೆ 5ಕ್ಕೆ 4 ಕೊಡುತ್ತೇನೆ, ಉಳಿದ ಸಾಮಾನಿಗೆ 1.

ಇನ್ನು ಮನೆ ಕಥೆ. ನಮ್ಮತ್ತೆ ಸಿರುಗುಪ್ಪ ಕಡೆಯವರು. ಮೊದಲ ಗಂಟು ಒಳಗೆ ತಂದಾಗ ಬಾಗಿಲಲ್ಲೇ ತಡೆದರು. "ಯಾರ ಮೈಮ್ಯಾಲೆ ಇದ್ದದ್ದೋ ಏನೋ, ಮನಿಯಾಗ ತರಬ್ಯಾಡವ್ವಾ." ತಪ್ಪೇನಿಲ್ಲ, ತಿಗಣೆ ಭಯ ನನಗೂ ಇತ್ತು. ಹಿತ್ತಲಲ್ಲೇ ಬಿಚ್ಚಿ, ಹಂಡೆಯಲ್ಲಿ ಕುದಿಯುವ ನೀರಿಗೆ ಹಾಕಿ, ಆಮೇಲೆ ಮಾಳಿಗೆ ಮೇಲೆ ಎರಡು ದಿನ ಬಿಸಿಲಿಗೆ. 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ತಿಗಣೆಯೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ, ನಮ್ಮ ಹಂಡೆ ನೀರು ಅದಕ್ಕಿಂತ ಜಾಸ್ತಿಯೇ. ಅತ್ತೆ ನಿಂತು ನೋಡಿ ಒಪ್ಪಿದರು. ಆಗ ನಾನೂ ಒಂದು ಮಾತು ಹೇಳಿಬಿಟ್ಟೆ, ಅತ್ತೀ, ನೀವು ಇಷ್ಟು ವರ್ಷ ಸ್ಟೀಲ್ ಪಾತ್ರೆಯವಳಿಗೆ ಕೊಟ್ಟ ಸೀರೆಗಳೆಲ್ಲ ಎಲ್ಲಿಗೆ ಹೋದವು ಅಂದ್ಕೊಂಡಿದ್ದೀರಿ? ಇಂಥ ಅಂಗಡಿಗಳಿಗೇ ತಾನೇ?

ಅವರು ಉತ್ತರ ಕೊಡಲಿಲ್ಲ. ಆದರೆ ಮುಂದಿನ ಸಲ ನನ್ನ ಜೊತೆ ಆಟೋ ಹತ್ತಿದರು. ಅಂಗಡಿಯಲ್ಲಿ ಒಂದು ಗಂಟೆ ಸೀರೆ ರಾಶಿ ಮಗುಚಿ ಹಾಕಿದರು, ಏನು ಹುಡುಕುತ್ತಿದ್ದಾರೆ ಅಂತ ಗೊತ್ತಾಗಲಿಲ್ಲ. ಮನೆಗೆ ಬಂದ ಮೇಲೆ ಹೇಳಿದರು, ಒಂದು ಡಬ್ಬಿಗೆ ಕೊಟ್ಟ ಸಾಸಿವೆ ಬಣ್ಣದ ಇಳಕಲ್ ಸೀರೆ ಇದೆಯೇನೋ ಅಂತ ನೋಡಿದ್ದಂತೆ. ಅದು ಸಿಗಲಿಲ್ಲ, ಅಂಥದ್ದೇ ಇನ್ನೊಂದು ಸಿಕ್ಕಿತು. ಚಾಚಾ 150 ಅಂದರು, ಅತ್ತೆ ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಜಾರಿ 110ಕ್ಕೆ ಮುಗಿಸಿದರು. ನನಗೆ ಇದುವರೆಗೆ ಹತ್ತು ರೂಪಾಯಿ ಕೂಡ ಇಳಿಸಿಲ್ಲ ಆ ಮನುಷ್ಯ.

ಕೌದಿ ಮಾಡೋಣ ಅಂದಿದ್ದು ಅತ್ತೆಯೇ. ನಾನು ಯಾವುದೋ ವಿಡಿಯೋ ನೋಡಿ ಗೋಡೆಗೆ ತೂಗುಹಾಕುವ ಏನನ್ನೋ ಯೋಚಿಸಿದ್ದೆ. ಹಳೇ ಬಟ್ಟೆಗೆ ಕೌದಿಗಿಂತ ಬೇರೆ ಏನು ಬೇಕು ಅಂದರು ಅವರು, ಸರಿ ಅನ್ನಿಸಿತು. ಗಟ್ಟಿ ಜೀನ್ಸ್ ತೋರಿಸಿದೆ, ಬೆರಳಲ್ಲಿ ಒತ್ತಿ ನೋಡಿ ಪಕ್ಕಕ್ಕೆ ಎಸೆದರು, ಕೈ ಸೂಜಿ ಇಳಿಯುವುದಿಲ್ಲ ಅಂತ. ತೆಳು ಡೆನಿಮ್, ಹಳೇ ಶರ್ಟಿನ ತುಂಡು ಮೇಲೆ. ಒಂದು ಸೀರೆ ಮಡಚಿ ಒಳಗೆ, ಇನ್ನೊಂದು ಕೆಳಗೆ. ಹಾಲಿನ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕುಟ್ಟಾಣಿ, ರುಬ್ಬುವ ಗುಂಡು, ಒಂದು ನೀರಿನ ಬಾಟಲಿ, ನಾಲ್ಕನೆಯದಕ್ಕೆ ನನ್ನ ಮಗ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ, ಚೌಕದೊಳಗೆ ಚೌಕ. ಕೌದಿಯ ಚೆಂದ ಇರುವುದು ಆ ಸಾಲು ಟಾಕಿಯಲ್ಲೇ. ಮಗಳ ಟಾಕಿ ಒಂದೊಂದು ಬೆರಳುದ್ದ, ಅತ್ತೆಯದು ಅಕ್ಕಿ ಕಾಳು. ಬಿಚ್ಚಿಸಬೇಕಾ ಅಂತ ಕೇಳಿದೆ, ಬೇಡ, ಮಕ್ಕಳು ಹೊಲಿದದ್ದು ಅಂತ ಗೊತ್ತಾಗಲಿ ಅಂದರು.

ಇಲ್ಲಿ ಒಂದು ಉಪಯೋಗದ ಮಾತು. ಡೆನಿಮ್ಮಿನಲ್ಲಿ ಉದ್ದ ಎಳೆ ಮಾತ್ರ ನೀಲಿ, ಅಡ್ಡ ಎಳೆ ಬಿಳಿ. ಅದಕ್ಕೇ ಒಳಮೈ ಬೆಳ್ಳಗೆ ಕಾಣುವುದು. ಅರ್ಧ ತುಂಡುಗಳನ್ನು ಮಗುಚಿ ಹೊಲಿದರೆ ಒಂದೇ ಬಟ್ಟೆಯಲ್ಲಿ ಎರಡು ಬಣ್ಣ, ದುಡ್ಡಿಲ್ಲದೆ. ಇದು ಮಗಳು ಕಂಡುಹಿಡಿದದ್ದು.

ಬಣ್ಣದ ಪಾಠ ಮಾತ್ರ ದುಬಾರಿಯಾಯಿತು. ಗಟ್ಟಿ ತುಂಡುಗಳಲ್ಲಿ ಅವಳಿಗೆ ಹೆಗಲ ಚೀಲ ಹೊಲಿದಿದ್ದೆ. ಹೊಸ ಕಟ್‌ಪೀಸು, ಯಾರೂ ಉಟ್ಟಿದ್ದಲ್ಲ, ಹಾಗಾಗಿ ಒಗೆಯದೇ ಹೊಲಿದೆ. ಶನಿವಾರ ಬಿಳಿ ಯೂನಿಫಾರ್ಮ್. ಸಂಜೆ ಬಂದಾಗ ಸೊಂಟದಿಂದ ಹೆಗಲತನಕ ನೀಲಿ. ಜೀನ್ಸಿನ ನೀಲಿ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಕೂತಿರುತ್ತದೆ, ಉಜ್ಜಿದರೆ ಬಿಡುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಅಂತ ನಾಲ್ಕು ಜನ ಹೇಳಿದರು, ಮಾಡಿದೆ, ಉಪ್ಪು ಹೋಯಿತು, ಬಣ್ಣ ಬಿಡುವುದು ನಿಲ್ಲಲಿಲ್ಲ. ನಾಲ್ಕೈದು ಸಲ ಬೇರೆಯಾಗಿ ಒಗೆದು ನೀರು ತಿಳಿಯಾಗುವ ತನಕ ಕಾಯುವುದೇ ದಾರಿ. ಯಾರೂ ತೊಡದ ತುಂಡನ್ನೇ ಜಾಸ್ತಿ ಒಗೆಯಬೇಕು, ತೊಟ್ಟು ಹಳತಾದ ಪ್ಯಾಂಟಿಗೆ ಆ ಗೋಳಿಲ್ಲ.

ಕೌದಿಗೆ 18 ದಿನ ಹಿಡಿಯಿತು, ಮಧ್ಯಾಹ್ನ ಕರೆಂಟ್ ಹೋದಾಗಲೆಲ್ಲ ಕೂರುತ್ತಿದ್ದೆವು. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಅತ್ತೆ ಅಡುಗೆಮನೆಗೆ ಹೋಗಿ ಒಂದು ಚೂರು ರೊಟ್ಟಿ ತಂದು ಒಳಗಿಟ್ಟು ಹೊಲಿದುಬಿಟ್ಟರು. ಹೊದ್ದವರು ಹಸಿದು ಮಲಗಬಾರದಂತೆ, ಅವರ ಅವ್ವ ಹಾಗೆ ಮಾಡುತ್ತಿದ್ದರಂತೆ. ಇರುವೆ ಬರುತ್ತದಲ್ಲ ಅಂತ ನಮ್ಮನೆಯವರು ಅಂದರು. ಬಂತು ಕೂಡ. ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ಹೋದವು.

ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ಡೆನಿಮ್ 4 ಕಿಲೋ 200, ಎರಡು ಸೀರೆ 140, ದಾರ 60, ಸೂಜಿ 40, ಒಟ್ಟು 440. ಅದರಲ್ಲಿ ಒಂದು ಕೌದಿ, ಎರಡು ಚೀಲ, ಪ್ಯಾಂಟಿನ ಜೇಬನ್ನೇ ಕತ್ತರಿಸಿ ಜಿಪ್ ಹಾಕಿದ ಮೂರು ಪೆನ್ಸಿಲ್ ಪೌಚ್. ಗೂಬೆಗಿಂತ 160 ಕಡಿಮೆ. ಹಾಂ, ಜೇಬು ಕತ್ತರಿಸುವಾಗ ಮೂಲೆಯ ರಿವಿಟ್ ಇಕ್ಕಳದಿಂದ ಮೊದಲು ಕಿತ್ತುಬಿಡಿ, ಕತ್ತರಿ ಹಾಳಾಗುತ್ತದೆ. ಅದನ್ನು ಯಾಕೆ ಹಾಕಿದ್ದಾರೆ ಅಂತ ಮಗ ಕೇಳಿದ. ಜೇಬಿನ ಮೂಲೆ ಹರಿಯದಿರಲಿ ಅಂತ ಅಮೆರಿಕದ ಒಬ್ಬ ಟೈಲರ್ ಮಾಡಿದ ಉಪಾಯ ಅದು, ಜೇಕಬ್ ಡೇವಿಸ್ ಅಂತ, 1873ರಲ್ಲಿ ಲೆವಿ ಸ್ಟ್ರಾಸ್ ಜೊತೆ ಸೇರಿ ಪೇಟೆಂಟ್ ತಗೊಂಡ. ಟೈಲರ್ ಅಕ್ಕನಿಗೂ ಪೇಟೆಂಟ್ ಕೊಡಿಸೋಣ ಅಂದ ಮಗ.

ಹೋಗುವುದಾದರೆ ಬೆಳಗ್ಗೆ 11ರೊಳಗೆ ಹೋಗಿ, ಆಮೇಲೆ ಶಟರಿನೊಳಗೆ ಬೇಯುತ್ತೀರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ನೂಲಿನ ಧೂಳು ಸಿಕ್ಕಾಪಟ್ಟೆ. ಚಿಲ್ಲರೆ ಇಟ್ಟುಕೊಳ್ಳಿ, 50ರ ಒಳಗಾದರೆ ಫೋನ್‌ಪೇ ಬೇಡ ಅನ್ನುತ್ತಾರೆ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ವಾಪಸ್ ಬರುವಾಗ ಒಗ್ಗಾಣಿ ಮಿರ್ಚಿ ತಿನ್ನದೆ ಬಂದರೆ ನಿಮ್ಮಿಷ್ಟ, ನಾವು ಹಾಗೆ ಯಾವತ್ತೂ ಬಂದಿಲ್ಲ.

ಮತ್ತೆ ಒಂದು ಕೋರಿಕೆ. ಎರಡನೇ ಕೌದಿ ನಡೆದಿದೆ, ಎರಡು ಮೂಲೆ ಬಾಕಿ. ಒಳಗಡೆ ಎಡಗೈ ರಾಶಿಯಲ್ಲಿ ಕೆಮ್ಮಣ್ಣು ಬಣ್ಣದ ಕಾರ್ಡ್ರಾಯ್ ತುಂಡೊಂದನ್ನು ಕೋಟುಗಳ ಕೆಳಗೆ ಬಚ್ಚಿಟ್ಟು ಬಂದಿದ್ದೇನೆ. ಕಣ್ಣಿಗೆ ಬಿದ್ದರೂ ಬಿಟ್ಟುಬಿಡಿ, ಸೋಮವಾರ ಬರುತ್ತೇನೆ.