ಟೆಕ್ಸಾಸ್‌ನಿಂದ ಊರಿಗೆ ರಾಡ್: ಪೈಪೋ, ಕಾರ್ಗೋನೋ, ನಾಲ್ಕು ತುಂಡೋ?

ಮೀನು ಹಿಡಿಯುವ ರಾಡ್‌ಗಳನ್ನು ಊರಿಗೆ ಸಾಗಿಸಲು ಮೂರು ದಾರಿ: ಪಿವಿಸಿ ಪೈಪಿನಲ್ಲಿ ಹಾಕಿ ವಿಮಾನದಲ್ಲಿ, ಹಡಗಿನ ಕಾರ್ಗೋದಲ್ಲಿ, ಇಲ್ಲವೇ ಬಿಚ್ಚಿ ಸೂಟ್‌ಕೇಸಿಗೆ ಹಾಕುವ ನಾಲ್ಕು ತುಂಡಿನ ರಾಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಾಲ್ಕು ತುಂಡಿನ ಟ್ರಾವೆಲ್ ರಾಡ್‌ಗೆ. ಉಳಿದ ಎರಡನ್ನೂ ನೋಡಿಯಾದ ಮೇಲೆ ಹೇಳುತ್ತಿರುವ ಮಾತು ಇದು.

ಟೆಕ್ಸಾಸ್‌ನ ಕೆಲಸ ಮುಗಿಸಿ ಶಿವಮೊಗ್ಗಕ್ಕೆ ವಾಪಸ್ ಹೊರಟಿದ್ದೇನೆ. ಇಲ್ಲಿ ಬಾಸ್ ಅನ್ನುವ ಮೀನು ಹಿಡಿಯುವ ಟೂರ್ನಮೆಂಟ್ ಆಡುವವರ ದೋಣಿಯಲ್ಲಿ ಎಂಟ್ಹತ್ತು ರಾಡ್ ಸಾಲಾಗಿ ಮಲಗಿರುತ್ತವೆ. ಸ್ಪರ್ಧೆಯ ತೂಕಕ್ಕೆ ತಕ್ಕಡಿಗೆ ಹೋಗುವುದು ಸಾಮಾನ್ಯವಾಗಿ ಐದೇ ಮೀನು. ಆದರೆ ಬೈಟ್ (ಮೀನನ್ನು ಸೆಳೆಯುವ ನಕಲಿ ಹುಳು, ಕಪ್ಪೆ ಇತ್ಯಾದಿ) ಬಿಚ್ಚಿ ಕಟ್ಟುತ್ತಾ ಕೂತರೆ ಹೊತ್ತು ಹೋಗುತ್ತದೆ, ಅದಕ್ಕೇ ಒಂದೊಂದು ಬೈಟ್‌ಗೆ ಒಂದೊಂದು ರಾಡ್. ಹೆಚ್ಚಿನವು ಏಳಡಿ, ಒಂದೇ ತುಂಡು. ನೀರಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ, ವಿಮಾನದಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ.

ಕಳೆದ ರಜೆಯಲ್ಲಿ ಪಿವಿಸಿ ಪೈಪ್ ಪ್ರಯೋಗ ನಡೆಯಿತು. ಹಾರ್ಡ್‌ವೇರ್ ಅಂಗಡಿಯ ನಾಲ್ಕಿಂಚಿನ ಪೈಪ್, ಎರಡೂ ತುದಿಗೆ ಮುಚ್ಚಳ, ಒಳಗೆ ಟವೆಲ್ ಸುತ್ತಿದ ರಾಡ್‌ಗಳು. ಮುರಿಯುವ ಭಯವೇ ಇಲ್ಲ. ಖರ್ಚೂ ಕಡಿಮೆ.

ತೊಂದರೆ ಇದ್ದಿದ್ದು ಉದ್ದದಲ್ಲಿ. ಚೆಕ್-ಇನ್ ಬ್ಯಾಗಿಗೆ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂಟಿಮೀಟರ್ ಅನ್ನುವುದು ಬಹಳಷ್ಟು ಕಡೆ ಇರುವ ಮಿತಿ. ಏಳಡಿ ಅಂದರೆ 213 ಸೆಂಟಿಮೀಟರ್, ಪೈಪಿನ ದಪ್ಪ ಲೆಕ್ಕಕ್ಕೆ ಬರುವ ಮೊದಲೇ ಮಿತಿ ದಾಟಿತು. ಕೆಲವು ಏರ್‌ಲೈನ್‌ಗಳು ಗಾಳದ ಸಾಮಾನನ್ನು ಕ್ರೀಡೆಯ ಸಾಮಾನು ಅಂತ ಬಿಡುತ್ತವೆ. ನಾನು ಹತ್ತಿದ ಅಂತರರಾಷ್ಟ್ರೀಯ ವಿಮಾನದವರೂ ಹಾಗೇ ಬಿಟ್ಟರು. ಡಾಲರ್ ಕೂಡ ಕೇಳಲಿಲ್ಲ.

ಭಾರತಕ್ಕೆ ಬಂದಿಳಿದ ಮೇಲೆ ಕಥೆ ಬೇರೆ. ಮೊದಲು ಇಳಿದ ಊರಲ್ಲೇ ಸಾಮಾನು ಬಿಡಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಚೆಕ್-ಇನ್ ಮಾಡಬೇಕು. ಮುಂದಿನ ಟಿಕೆಟ್ ಬೇರೆ ಕಂಪನಿಯದು, ವಿಮಾನ ಚಿಕ್ಕದು. ಕೌಂಟರಿನಲ್ಲಿದ್ದ ಹುಡುಗಿ ಪೈಪನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಸರ್, ಇದೇನು?" ಅಂದಳು. ಮೀನು ಹಿಡಿಯುವ ಗಾಳ ಅಂದೆ. "ಅಮೆರಿಕದಿಂದ ತಂದ್ರಾ?" ಅಂತ ಇನ್ನೊಬ್ಬರನ್ನು ಕರೆದಳು. ಅವರು ಮತ್ತೊಬ್ಬರನ್ನು ಕರೆದರು. ಮುಚ್ಚಳ ತೆಗೆಸಿದರು, ಟೇಪ್ ಅಲ್ಲೇ ಹರಿಯಿತು, ಮತ್ತೆ ಸುತ್ತಲು ಟೇಪ್ ಇಲ್ಲ. ಕೊನೆಗೆ ಜಾಗ ಇದ್ದರೆ ಮುಂದಿನ ವಿಮಾನದಲ್ಲಿ ಕಳಿಸುತ್ತೇವೆ ಅಂತ ಚೀಟಿ ಕೊಟ್ಟರು. ಜಾಗ ಬೇಗ ಸಿಗಲಿಲ್ಲ ಅಂತ ಕಾಣುತ್ತದೆ. ನಾನು ಊರಲ್ಲಿ, ರಾಡ್ ಬೇರೆ ಊರಲ್ಲಿ. ಅರ್ಧ ರಜೆ ಫೋನ್ ಮಾಡುವುದರಲ್ಲೇ ಹೋಯಿತು.

ಪೈಪ್ ಬಂದ ಮೇಲೂ ಮುಗಿಯಲಿಲ್ಲ. ಟ್ಯಾಕ್ಸಿಯಲ್ಲಿ ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನವರೆಗೆ ಓರೆಯಾಗಿ ಇಟ್ಟು, ಗೇರ್ ಹಾಕುವಾಗಲೆಲ್ಲ ಡ್ರೈವರ್ ಮೊಣಕೈ ಅದಕ್ಕೆ ತಾಗುತ್ತಿತ್ತು. ನೇರ ವಿಮಾನ, ಮನೆಯವರ ಕಾರು, ಎರಡೂ ಇರುವವರಿಗೆ ಪೈಪ್ ನಡೆಯುತ್ತದೆ. ನನಗೆ ಎರಡೂ ಇಲ್ಲ.

ಹಡಗಿನ ಕಾರ್ಗೋ: ಸಂಸಾರ ಸಮೇತ ಇಡೀ ಮನೆ ಸಾಗಿಸುವವರು ಕಣ್ಣು ಮುಚ್ಚಿ ಹಾಕಬಹುದು. ಗೆಳೆಯನ ಸಾಮಾನಿನ ಜೊತೆ ನನ್ನದೂ ಎರಡು ರಾಡ್ ಹೋಗಿವೆ, ಸುರಕ್ಷಿತವಾಗಿ ತಲುಪಿವೆ. ತಿಂಗಳುಗಟ್ಟಲೆ ಕಾಯಬೇಕು ಅಷ್ಟೆ. ಅವನ ಪ್ಲಾಸ್ಟಿಕ್ ಹುಳುಗಳು ಮಾತ್ರ ಕಂಟೇನರಿನ ಬಿಸಿಗೆ ಪಕ್ಕದ ಗಟ್ಟಿ ಬೈಟ್‌ಗಳ ಮೇಲೆ ಕರಗಿ ಅಂಟಿಕೊಂಡಿದ್ದವು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಎರಡೇ ಸೂಟ್‌ಕೇಸಿನ ನನ್ನಂಥ ಒಂಟಿ ಆಳಿಗೆ ಕಾರ್ಗೋ ಸುಮ್ನೆ ದುಡ್ಡು ದಂಡ.

ಇನ್ನು ನಾಲ್ಕು ತುಂಡು. ಏಳಡಿಯ ರಾಡ್ ಬಿಚ್ಚಿದರೆ ಒಂದೊಂದು ತುಂಡು ಸುಮಾರು 55 ಸೆಂಟಿಮೀಟರ್, ಸೂಟ್‌ಕೇಸಿನಲ್ಲಿ ಪಂಚೆ ಕೆಳಗೆ ಮಲಗುತ್ತದೆ. ಯಾರೂ ಏನೂ ಕೇಳುವುದಿಲ್ಲ.

ಕೀಲುಗಳು ಗಟ್ಟಿ ಇವೆಯಾ ಅನ್ನುವುದು ಎಲ್ಲರ ಅನುಮಾನ, ನನ್ನದೂ. ಅದಕ್ಕೆ ಲೇಕ್ ಫೋರ್ಕ್‌ಗೇ ಒಯ್ದೆ. ನೀರಲ್ಲಿ ಮುಳುಗಿದ ಮರಗಳೇ ತುಂಬಿರುವ ಸರೋವರ ಅದು. ಟೆಕ್ಸಾಸ್‌ನ ದಾಖಲೆ ಬಾಸ್, 18.18 ಪೌಂಡಿನದು, 1992ರಲ್ಲಿ ಸಿಕ್ಕಿದ್ದೂ ಅಲ್ಲೇ. ಮರದ ಸಂದಿಯಿಂದ ಮೀನು ಎಳೆದಾಗ ರಾಡ್ ಬುಡದವರೆಗೂ ಬಾಗಿತು, ಕೀಲು ಅಲುಗಲಿಲ್ಲ. ಎಸೆದು ಎಸೆದು ತುದಿಯ ತುಂಡು ನಿಧಾನವಾಗಿ ಸಡಿಲ ಆಗುವುದು ನಿಜ. ಆಗಾಗ ತಿರುಗಿಸಿ ಬಿಗಿ ಮಾಡಬೇಕು, ಕೀಲಿಗೆ ಸ್ವಲ್ಪ ಮೇಣದಬತ್ತಿ ಉಜ್ಜಿದರೆ ಒಳ್ಳೆಯದು. ಆಳದಲ್ಲಿ ಜಿಗ್ (ತಳಕ್ಕಿಳಿಯುವ ಭಾರದ ಬೈಟ್) ಎಳೆಯುವಾಗ ಕೈಗೆ ಬರುವ ಸೂಕ್ಷ್ಮ ಮಾತ್ರ ಒಂದೇ ತುಂಡಿನ ರಾಡ್‌ನಷ್ಟಿಲ್ಲ. ಬಹುಮಾನ ಇರುವ ಟೂರ್ನಮೆಂಟಿಗೆ ನಾನು ಇದನ್ನು ಒಯ್ಯಲಾರೆ.

ಆದರೆ ಊರಲ್ಲಿ ನನಗೆ ದೋಣಿಯೂ ಇಲ್ಲ, ಬಾಸ್ ಮೀನೂ ಇಲ್ಲ. ಕೆರೆ ಗುತ್ತಿಗೆ ಹಿಡಿದವರನ್ನು ಕೇಳಿಕೊಂಡು, ಏರಿ ಮೇಲೆ ನಿಂತು, ಅಂತರಗಂಗೆ ನಡುವೆ ರಬ್ಬರ್ ಕಪ್ಪೆ ಎಳೆಯುವುದು, ಮುರ್ರೆಲ್ ಮೀನು ಎದ್ದು ಬಾಯಿ ಹಾಕುವುದನ್ನು ಕಾಯುವುದು. ಆ ಹೊಡೆತ ಕಣ್ಣಿಗೇ ಕಾಣುತ್ತದೆ, ಸೂಕ್ಷ್ಮ ಯಾಕೆ ಬೇಕು? ಜೊತೆಗೆ ಓಡಾಟ ಸ್ಕೂಟರಿನಲ್ಲಿ.

ಹಾಗಾಗಿ ಎರಡೇ: ರಬ್ಬರ್ ಕಪ್ಪೆಗೆ ಒಂದು ಹೆವಿ ಕಾಸ್ಟಿಂಗ್ ರಾಡ್ (ಗಟ್ಟಿ, ರೀಲ್ ಮೇಲೆ ಕೂರುವುದು), ಉಳಿದದ್ದಕ್ಕೆ ಒಂದು ಮೀಡಿಯಂ ಸ್ಪಿನ್ನಿಂಗ್ ರಾಡ್ (ಸ್ವಲ್ಪ ಮೆದು, ರೀಲ್ ಕೆಳಗೆ ತೂಗುವುದು). ಒಂದೇ ತುಂಡಿನ ರಾಡ್‌ಗಳನ್ನು ಇಲ್ಲಿನ ಮೀನು ಹಿಡಿಯುವ ಕ್ಲಬ್ಬಿನವರಿಗೆ ಮಾರಿದ ದುಡ್ಡಿನಲ್ಲೇ ಎರಡೂ ಬಂದವು. ರೀಲ್‌ಗಳು ಕ್ಯಾಬಿನ್ ಬ್ಯಾಗಿಗೆ, ಕೊಕ್ಕೆಗಳು ಸೂಟ್‌ಕೇಸಿಗೆ. ಟ್ರೋಲಿಂಗ್ ಮೋಟರಿನ (ದೋಣಿಯನ್ನು ನಿಧಾನ ನಡೆಸುವ ವಿದ್ಯುತ್ ಮೋಟರ್) ಲಿಥಿಯಂ ಬ್ಯಾಟರಿಯ ಆಸೆ ಬಿಡಿ. ಬಿಡಿ ಬ್ಯಾಟರಿಗೆ ವಿಮಾನದಲ್ಲಿ 160 ವ್ಯಾಟ್-ಅವರ್ ಮೇಲೆ ಬಿಡುವುದಿಲ್ಲ, ಇದು ಸಾವಿರ ದಾಟುತ್ತದೆ. ಕೊಳ್ಳುವಾಗ ತುದಿಯ ತುಂಡು ಎರಡು ಕೊಡುವ ಮಾಡೆಲ್ ಸಿಕ್ಕರೆ ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತೊಗೊಳ್ಳಿ, ಮುರಿಯುವುದು ಹೆಚ್ಚಾಗಿ ತುದಿಯೇ.