ಬೋರ್ಡು, ಏಜೆಂಟ್, ಆ್ಯಪ್: ಮಾಳಮಡ್ಡಿಯ ಮನೆ ಮಾರಿದ ಆರು ತಿಂಗಳು

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದೊಂದು ಹಂಚಿನ ಮನೆ ಇತ್ತು. ಎರಡು ಗುಂಟೆ ಜಾಗ, ಮುಂದೆ ಕಟ್ಟೆ, ಹಿತ್ತಲಲ್ಲಿ ಬಾವಿ. ಅಪ್ಪ ಹೋದ ಮೇಲೆ ಅಲ್ಲಿ ಅವ್ವ ಒಬ್ಬಳೇ. ಅಣ್ಣ ಪುಣೆಯಲ್ಲಿ, ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರನ್ನು ಹುಡುಕುವುದೇ ದೊಡ್ಡ ಕೆಲಸ. ಕಡೆಗೆ ಅವ್ವನೇ ಹೇಳಿದಳು: "ಮಾರಿಬಿಡ್ರಿನ್ನ. ನಿಮ್ಮ ಹತ್ತರ ನನಗೊಂದು ಸಣ್ಣ ಫ್ಲ್ಯಾಟ್ ನೋಡ್ರಿ."

2025ರ ಯುಗಾದಿ ಮುಗಿಸಿ ಶುರು ಮಾಡಿದೆವು. ಗೇಟಿಗೆ ಬೋರ್ಡ್ ಹಾಕಿ ಎಂದರು ಕೆಲವರು. ಏಜೆಂಟ್ ಇಲ್ಲದೆ ಆಗುವುದಿಲ್ಲ ಎಂದರು ಕೆಲವರು. ಈಗೆಲ್ಲ ಆ್ಯಪ್‌ನಲ್ಲೇ ಆಗುತ್ತದೆ ಎಂದ ಅಣ್ಣ. ಹಾಗಾಗಿ ಮೂರನ್ನೂ ಮಾಡಿದೆವು. ಒಂದು ನೋಟ್‌ಬುಕ್ ಇಟ್ಟುಕೊಂಡೆ. ಯಾರು ಕೇಳಿದರು, ಅವರಿಗೆ ಹೇಗೆ ಗೊತ್ತಾಯಿತು, ಎಷ್ಟಕ್ಕೆ ಕೇಳಿದರು, ಎಲ್ಲ ಅದರಲ್ಲಿ ಬರೆಯುತ್ತಾ ಹೋದೆ. ಇಲ್ಲಿರುವ ಲೆಕ್ಕ ಎಲ್ಲ ಅದರಿಂದಲೇ.

ಆ್ಯಪ್ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಎರಡು ಕಡೆ ಫೋಟೋ ಹಾಕಿದೆವು. ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. ಮೊದಲ ವಾರದಲ್ಲೇ 41 ಫೋನ್ ಬಂದವು. ಅದರಲ್ಲಿ 26 ಏಜೆಂಟರದ್ದು. ಉಳಿದವರಲ್ಲಿ ಸಾಲ ಕೊಡಿಸುತ್ತೇವೆ ಎನ್ನುವವರು, ದುಡ್ಡು ಕಟ್ಟಿದರೆ ನಿಮ್ಮ ಮನೆಯನ್ನು ಎಲ್ಲರಿಗಿಂತ ಮೇಲೆ ತೋರಿಸುತ್ತೇವೆ ಎನ್ನುವವರು ಜಾಸ್ತಿ. ನಾಲ್ಕು ತಿಂಗಳಲ್ಲಿ ಆ್ಯಪ್ ನೋಡಿ ಮನೆಯ ತನಕ ಬಂದವರು ಐದೇ ಜನ.

ಒಬ್ಬ ಮಾತ್ರ ಮನೆ ನೋಡದೆಯೇ ಒಪ್ಪಿಬಿಟ್ಟ. ತಾನು ಮಿಲಿಟರಿಯಲ್ಲಿದ್ದೇನೆ, ಬರಲು ರಜೆ ಇಲ್ಲ, ಟೋಕನ್ ದುಡ್ಡು ಈಗಲೇ ಹಾಕುತ್ತೇನೆ ಎಂದು ಕ್ಯೂಆರ್ ಕೋಡ್ ಕಳಿಸಿದ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದ. ನಮಗೆ ದುಡ್ಡು ಬರುವುದಕ್ಕೆ ನಾವು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಅಂತೂ ಬೇಕೇ ಇಲ್ಲ. ಪಿನ್ ಹಾಕಿದರೆ ದುಡ್ಡು ಹೋಗುವುದು ನಮ್ಮ ಖಾತೆಯಿಂದ. ಮನೆಯಲ್ಲಿ ವಯಸ್ಸಾದವರ ನಂಬರ್ ಹಾಕಿದ್ದರೆ ಇದನ್ನು ಅವರಿಗೆ ಮೊದಲೇ ಕೂರಿಸಿ ಹೇಳಿ.

ಆ್ಯಪ್‌ನಿಂದ ಬಂದ ಐವರೂ ಹೊರ ಊರಲ್ಲಿರುವ ಧಾರವಾಡದವರು. ಅವರ ಪ್ರಶ್ನೆಗಳು ಚೆನ್ನಾಗಿದ್ದವು. ರಸ್ತೆ ಎಷ್ಟು ಅಡಿ, ಕಾರು ಒಳಗೆ ಬರುತ್ತದಾ, ಇ-ಖಾತೆ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಆಗಿದೆಯಾ ಎಂದು ಕೇಳಿದರು. ಬೆಂಗಳೂರಿನಲ್ಲಿರುವ ಒಬ್ಬರು ಟೇಪ್ ಹಿಡಿದು ಅಳತೆ ಕೂಡ ಮಾಡಿಕೊಂಡು ಹೋದರು. ಆದರೆ ಅವರಿಗೆ ಸಾಲ ಬೇಕಿತ್ತು. ಮಣ್ಣಿನ ಗೋಡೆಯ ಹಳೇ ಮನೆಗೆ ಅವರು ಕೇಳಿದಷ್ಟು ಸಾಲ ಬ್ಯಾಂಕ್ ಕೊಡಲಿಲ್ಲ. ಮಾತು ಅಲ್ಲಿಗೇ ನಿಂತಿತು. ಹಳೇ ಮನೆ ಮಾರುವವರು ಇದನ್ನು ಗಮನಿಸಬೇಕು. ಕೊಳ್ಳಲು ಬಂದವರಿಗೆ ಸಾಲ ಬೇಕಾ, ಕೈಯಲ್ಲಿ ದುಡ್ಡಿದೆಯಾ ಎಂದು ಮೊದಲ ಫೋನಿನಲ್ಲೇ ಕೇಳಿ. ಸಂಕೋಚ ಬೇಡ.

ಇನ್ನೊಂದು ಮಾತು. ಆ್ಯಪ್‌ನಲ್ಲಿ ಕಾಣುವ ದರ ನೋಡಿ ಅಣ್ಣ ನಮ್ಮ ಮನೆ 95 ಲಕ್ಷಕ್ಕೆ ಹೋಗುತ್ತದೆ ಎಂದು ಕೂತಿದ್ದ. ಅದು ಮಾರುವವರು ಕೇಳುವ ದರ, ಮಾರಾಟವಾದ ದರ ಅಲ್ಲ. ಆ ಮನೆಗಳಲ್ಲಿ ಎಷ್ಟೋ ದೀಪಾವಳಿಯ ತನಕವೂ ಹಾಗೇ ಇದ್ದವು.

ಏಜೆಂಟರ ವಿಷಯ ಬೇರೆ. ಅಲ್ಲಿ ಮನುಷ್ಯರ ಮೇಲೆ ಹೋಗುತ್ತದೆ. ನಾವು ಇಬ್ಬರಿಗೆ ಹೇಳಿದೆವು.

ಮೊದಲನೆಯವರು ಮನೆ ನೋಡಿ, ಚಹಾ ಕುಡಿದು, ಹೀಗೆಂದರು: "ಅಕ್ಕಾರ, ನಿಮಗ ಕೈಗೆ ಎಷ್ಟ ಬೇಕ ಹೇಳ್ರಿ. ಮ್ಯಾಲಿಂದು ನನಗ ಬಿಡ್ರಿ. ಕಮಿಷನ್ ಏನೂ ಬ್ಯಾಡ." ಕೇಳಲು ಚೆನ್ನಾಗಿತ್ತು. ಕಮಿಷನ್ ಇಲ್ಲ ಎಂದರೆ ಯಾರಿಗೆ ಬೇಡ ಅಲ್ವಾ? ಈಗಿನ ಮಾರ್ಕೆಟ್‌ನಲ್ಲಿ 66 ಲಕ್ಷದ ಮೇಲೆ ಯಾರೂ ಏರುವುದಿಲ್ಲ ಎಂದೂ ಅವರೇ ಹೇಳಿದರು. ಯೋಚಿಸುತ್ತೇವೆ ಎಂದು ಕಳಿಸಿದೆವು. ಹತ್ತು ದಿನದ ಮೇಲೆ ಅವರು ಕಳಿಸಿದ ಗಂಡ ಹೆಂಡತಿ ಏಜೆಂಟ್ ಬರುವುದಕ್ಕೆ ಮುಂಚೆಯೇ ಬಂದು ಕಟ್ಟೆಯ ಮೇಲೆ ಕೂತರು. ಆಯಮ್ಮ ಅವ್ವನಿಗೆ ಮೆಲ್ಲಗೆ ಕೇಳಿದರು: "78 ಅಂದಾರಲ್ರೀ ಅವ್ವಾರ, ಸ್ವಲ್ಪ ಕಮ್ಮಿ ಮಾಡ್ರಿ." ನಮಗೆ ಹೇಳಿದ್ದು 66, ಅವರಿಗೆ ಹೇಳಿದ್ದು 78. ನಡುವಿನ 12 ಲಕ್ಷ ಎಲ್ಲಿಗೆ ಹೋಗುತ್ತಿತ್ತು ಎಂದು ಆಗ ಗೊತ್ತಾಯಿತು. 'ಮೇಲಿನದು ನನಗೆ' ಎಂದು ಒಪ್ಪಿಕೊಂಡರೆ ಏಜೆಂಟ್ ನಿಮ್ಮ ಪರ ಅಲ್ಲ, ಕೊಳ್ಳುವವರ ಪರವೂ ಅಲ್ಲ. ಈ ಒಪ್ಪಂದಕ್ಕೆ ಯಾರೂ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಎರಡನೆಯವರು ವಯಸ್ಸಾದವರು. ಮನೆಯ ಒಳಗೆ ಕಾಲಿಡುವ ಮೊದಲೇ ಕಾಗದ ಕೇಳಿದರು. ಜಂತಿ, ಬಾಗಿಲ ಚೌಕಟ್ಟಿನ ಕೆತ್ತನೆ ತೋರಿಸಿದರೆ ಅವುಗಳ ಕಡೆ ಹೆಚ್ಚು ನೋಡಲಿಲ್ಲ. "ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹಂಚಿನ ಮನಿಗೆ ಯಾರೂ ರೊಕ್ಕ ಕೊಡಂಗಿಲ್ಲ, ಜಾಗಕ್ಕ ಕೊಡ್ತಾರ" ಎಂದರು. ಅವ್ವನಿಗೆ ನೋವಾಯಿತು. ಆದರೆ ಮಾತು ನಿಜ. 72ರಿಂದ 75 ಬರುತ್ತದೆ ಎಂದು ಅವರು ಅವತ್ತು ಹೇಳಿದ್ದರು. ಹಾಗೇ ಆಯಿತು.

ಅವರು ಶೇ. 2 ಕೇಳಿದರು. ಮಾತಾಡಿ ಶೇ. 1ಕ್ಕೆ ತಂದೆವು. ಒಂದು ಹಾಳೆಯ ಮೇಲೆ ಎಲ್ಲ ಬರೆದು ಇಬ್ಬರೂ ಸಹಿ ಹಾಕಿದೆವು. ಕಮಿಷನ್ ಕೊಡುವುದು ಸಂಚಕಾರದ (ಮುಂಗಡ ಕೊಡುವ) ದಿನ ಅಲ್ಲ, ನೋಂದಣಿಯ ದಿನ. ಅವಧಿ ಮೂರು ತಿಂಗಳು. ನಾವೇ ಹುಡುಕಿದ ಗಿರಾಕಿಗೆ ಕಮಿಷನ್ ಇಲ್ಲ. ಯಾರನ್ನು ಕರೆತರುತ್ತಾರೋ ಅವರ ಹೆಸರನ್ನು ಮೊದಲೇ ನಮಗೆ ತಿಳಿಸಬೇಕು. ಈ ಕೊನೆಯ ಷರತ್ತು ಬಹಳ ಮುಖ್ಯ. ಬೋರ್ಡ್ ನೋಡಿ ಬಂದವರನ್ನೇ 'ಇವರು ನನ್ನ ಗಿರಾಕಿ' ಎಂದು ಯಾರಾದರೂ ಹೇಳಿದರೆ ಜಗಳ ಆಗುವುದು ಅಲ್ಲೇ.

ಅವರು ಕರೆತಂದದ್ದು 9 ಕುಟುಂಬ. ಸುಮ್ನೆ ನೋಡಲು ಬಂದವರು ಒಬ್ಬರೂ ಇಲ್ಲ. ಇಬ್ಬರು ಗಟ್ಟಿಯಾಗಿ ದರ ಹೇಳಿದರು. ಅವರಲ್ಲಿ ಒಬ್ಬರು ಎಲ್ಲರಿಗಿಂತ ಜಾಸ್ತಿ, 77 ಲಕ್ಷ. ಆದರೆ 30 ಲಕ್ಷ ನಗದು ಕೊಡುತ್ತೇವೆ, ಕಾಗದದಲ್ಲಿ 47 ತೋರಿಸಿ ಎಂದರು. ಅಣ್ಣ ಒಂದು ಕ್ಷಣ ಅಲುಗಾಡಿದ. ನಾನು ಬೇಡ ಎಂದೆ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರಿಗೆ. ಆ ದುಡ್ಡಿನಿಂದ ಅವ್ವನಿಗೆ ಫ್ಲ್ಯಾಟ್ ಕೊಳ್ಳಬೇಕು. 30 ಲಕ್ಷ ನೋಟು ಚೀಲದಲ್ಲಿಟ್ಟುಕೊಂಡು ಯಾವ ಫ್ಲ್ಯಾಟ್ ಕೊಳ್ಳುವುದು?

ಈಗ ಬೋರ್ಡು. ಪೇಂಟರ್ 450 ರೂಪಾಯಿ ತೆಗೆದುಕೊಂಡ. ಮೊದಲು ನಾವು ತಪ್ಪು ಮಾಡಿದೆವು. 'ಈ ಮನೆ ಮಾರುವುದಿದೆ' ಎಂದು ಬರೆಸಿ ಅವ್ವನ ನಂಬರ್ ಹಾಕಿಸಿದೆವು. ಅದು ಸ್ಟೇಷನ್ ಕಡೆ ಹೋಗುವವರು ಓಡಾಡುವ ರಸ್ತೆ. ಮಧ್ಯಾಹ್ನ ಅವ್ವ ಒಂದು ಗಳಿಗೆ ಅಡ್ಡಾದರೆ ಸಾಕು, ಗೇಟಿನ ಚಿಲಕ ಸದ್ದು ಮಾಡುತ್ತಿತ್ತು. ಓಣಿಯವರು, ಅಪ್ಪನ ಹಳೇ ಸ್ನೇಹಿತರು, ಗುರುತಿಲ್ಲದವರು, ಎಲ್ಲರದೂ ಒಂದೇ ಪ್ರಶ್ನೆ: "ಯಾಕ ಮಾರ್ತೀರಿ?" ಎರಡು ವಾರದಲ್ಲಿ ಅವ್ವ ಸೋತುಹೋದಳು. ಬೋರ್ಡ್ ಇಳಿಸಿ ಮತ್ತೆ ಬರೆಸಿದೆವು. ಜಾಗ 2 ಗುಂಟೆ, ನೋಡುವ ಸಮಯ ಸಂಜೆ 5ರಿಂದ 7, ಮತ್ತು ನನ್ನ ನಂಬರ್. ಸಂಜೆ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ ಹಿಡಿದು ನಾನೇ ಹೋಗಿ ಕೂರುತ್ತಿದ್ದೆ. ಆಮೇಲೆ ಸರಿಹೋಯಿತು.

ಬೋರ್ಡ್ ನೋಡಿ 31 ಜನ ಕೇಳಿದರು, 12 ಜನ ಒಳಗೆ ಬಂದರು. ಆ್ಯಪ್‌ನವರು ಫೋಟೋ ನೋಡಿ ಬಂದವರು. ಬೋರ್ಡ್ ನೋಡಿದವರು ಓಣಿಯನ್ನು ನೋಡಿ ಬಂದವರು. ಅವರಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಹೇಳಬೇಕಿಲ್ಲ, ರೈಲಿನ ಸದ್ದು ಎಷ್ಟು ಎಂದೂ ಹೇಳಬೇಕಿಲ್ಲ. ಪಕ್ಕದ ಮನೆಯವರಿಗೂ ನಮಗೂ ಒಂದೇ ಗೋಡೆ ಇರುವುದೂ ಗೊತ್ತಿರುತ್ತದೆ. ಹಾಗಾಗಿ ಚೌಕಾಶಿಯಲ್ಲಿ ಅವರು ಗಟ್ಟಿ. ಅದೇ ಕಾರಣಕ್ಕೆ ಒಮ್ಮೆ ಒಪ್ಪಿದರೆ ಹಿಂದೆ ಹೋಗುವುದಿಲ್ಲ.

ಕಡೆಗೆ ಕೊಂಡವರು ಹೀಗೇ ಬಂದವರು. ನಮ್ಮ ಓಣಿಯಲ್ಲಿರುವ ತಂಗಿಯ ಮನೆಗೆ ಬಂದಾಗ ಬೋರ್ಡ್ ನೋಡಿದ್ದರು. ನಿವೃತ್ತರು, ನಾರಾಯಣಪುರದಲ್ಲಿ ಬಾಡಿಗೆಗೆ ಇದ್ದರು. ಸಾಲ ಬೇಕಿರಲಿಲ್ಲ. ಮೊದಲ ದಿನ ಪಡಸಾಲೆಯಲ್ಲಿ ಕೂರಲೇ ಇಲ್ಲ. ನೇರ ಬಾವಿಯ ಹತ್ತಿರ ಹೋಗಿ ನೀರು ಸೇದಿ ಒಂದು ಗುಟುಕು ಕುಡಿದರು. ಆಮೇಲೆ ಬಚ್ಚಲ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಗಿಲಾವು ಒತ್ತಿದರು. ಅಂಗೈಯಷ್ಟು ಗಿಲಾವು ಕಿತ್ತು ಅವರ ಕೈಗೇ ಬಂತು. ಅದನ್ನು ಒಡೆಯದಂತೆ ಬಾವಿಕಟ್ಟೆಯ ಮೇಲೆ ಇಟ್ಟು, "ಈ ಗ್ವಾಡಿ ನೀರ ಕುಡದದರೀ" ಎಂದರು. ನಾನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಅವ್ವ ಹೇಳಿಬಿಟ್ಟಳು: "ಹೌದ್ರೀ, ಎರಡು ಮಳಿಗಾಲ ಆತು." ಅವತ್ತಿನಿಂದ ಅವರು ಅವ್ವ ಹೇಳಿದ ಯಾವ ಮಾತನ್ನೂ ಎರಡನೇ ಸಲ ಕೇಳಲಿಲ್ಲ. ಅವರು 70 ಎಂದರು, ನಾವು 78 ಎಂದೆವು. ಆಷಾಢ ಮುಗಿಯಲಿ ಎಂದು ಕಾದು, ಶ್ರಾವಣದ ಮೊದಲ ವಾರ 74 ಲಕ್ಷಕ್ಕೆ ಮುಗಿಸಿದೆವು. ಸಂಚಕಾರ 5 ಲಕ್ಷ, ಬ್ಯಾಂಕಿನ ಮೂಲಕವೇ.

ಬೋರ್ಡ್‌ನಿಂದ ಆದದ್ದರಿಂದ ಕಮಿಷನ್ 74,000 ಉಳಿಯಿತು. ಆದರೆ ಏಜೆಂಟ್ ಇಲ್ಲ ಎಂದರೆ ಕಾಗದದ ಓಡಾಟ ಪೂರ್ತಿ ನಮ್ಮ ತಲೆಗೆ. ನಾವು ನಿಜವಾಗಿ ಎಡವಿದ್ದು ಇಲ್ಲೇ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಗಿರಾಕಿ ಸಿಕ್ಕ ಮೇಲೆ ಮಾಡಿಸಿದರಾಯಿತು ಎಂದು ಬಿಟ್ಟಿದ್ದೆವು. ಸಿ.ಟಿ.ಎಸ್. ಉತಾರದಲ್ಲಿ (ಸಿಟಿ ಸರ್ವೆ ಕಚೇರಿಯ ಆಸ್ತಿ ದಾಖಲೆ) ಅಪ್ಪನ ಹೆಸರು ಅಡ್ಡಹೆಸರಿನ ಸಮೇತ ಇತ್ತು, ತೆರಿಗೆ ರಸೀದಿಯಲ್ಲಿ ಬರೀ ಇನಿಷಿಯಲ್. ಇಬ್ಬರೂ ಒಬ್ಬರೇ ಎಂದು ತೋರಿಸಬೇಕು. ಮೇಲೆ ಮರಣ ಪ್ರಮಾಣಪತ್ರ, ವಂಶಾವಳಿ. ಅಪ್ಪ ಉಯಿಲು ಬರೆದಿರಲಿಲ್ಲ, ಹಾಗಾಗಿ ಅವ್ವ, ಅಣ್ಣ, ನಾನು ಮೂವರಿಗೂ ಸಮಪಾಲು, ಮೂವರದೂ ಸಹಿ. ಆಸ್ತಿಯ ಮೇಲೆ ಸಾಲ, ಹಳೇ ವ್ಯವಹಾರ ಏನಿದೆ ಎಂದು ತೋರಿಸುವ ಋಣಭಾರ ಪ್ರಮಾಣಪತ್ರವೂ (ಇ.ಸಿ.) ಬೇಕು. 2004ರ ಏಪ್ರಿಲ್ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದಕ್ಕಿಂತ ಹಳೆಯದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕಾಯಿತು.

ಇದೆಲ್ಲ ಆಗುವಷ್ಟರಲ್ಲಿ ಆಗಸ್ಟ್ 31 ದಾಟಿತು. ಅವತ್ತಿನಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಯಿತು. ಮುದ್ರಾಂಕ ಶುಲ್ಕ ಸೆಸ್ ಎಲ್ಲ ಸೇರಿ ಶೇ. 5.6 ಮೊದಲೇ ಇತ್ತು. ಒಟ್ಟು 7.6 ಆಯಿತು. ಕೊಳ್ಳುವವರಿಗೆ ಒಮ್ಮೆಲೇ 74,000 ಜಾಸ್ತಿ. ತಡ ಆಗಿದ್ದು ನಮ್ಮಿಂದ. ಅವರು ಕೇಳುವ ಮೊದಲೇ ಅರ್ಧ, ಅಂದರೆ 37,000 ನಾವು ಕೊಡುತ್ತೇವೆ ಎಂದೆ. ಅಷ್ಟರಲ್ಲಿ ಪಕ್ಷಮಾಸ ಬಂತು, ಅವರ ತಾಯಿ ಆಗ ಬೇಡ ಎಂದರು. ಘಟಸ್ಥಾಪನೆ ಆದ ಮೇಲೆ ನೋಂದಣಿ ಆಯಿತು. ಆ ಕಾಗದದ ಓಡಾಟಕ್ಕೆ ಎರಡನೇ ಏಜೆಂಟರನ್ನೇ ಕೇಳಿಕೊಂಡಿದ್ದೆವು. ಗಿರಾಕಿ ಅವರದಲ್ಲದಿದ್ದರೂ ಬೇಸರಿಸದೆ ಮಾಡಿದರು. 15,000 ಕೊಟ್ಟೆವು. ಅವರು ಮಾಡಿದ ಕೆಲಸಕ್ಕೆ ಅದು ಕಡಿಮೆಯೇ.

50 ಲಕ್ಷ ಮುಟ್ಟಿದ ಮಾರಾಟದಲ್ಲಿ ಕೊಳ್ಳುವವರು ಮಾರುವವರ ಲೆಕ್ಕಕ್ಕೆ ಶೇ. 1 ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ನಾವು ಮಾರಿದ 2025ರಲ್ಲಿ ಮಾರುವವರು ಮೂವರಿದ್ದರೆ ಮೂರು ಪ್ಯಾನ್, ಮೂರು ಬೇರೆ ಬೇರೆ ಫಾರ್ಮ್ ಬೇಕಿತ್ತು. ಒಬ್ಬರ ಹೆಸರಿನಲ್ಲೇ ಎಲ್ಲ ಕಟ್ಟಿಬಿಟ್ಟರೆ ಆಮೇಲೆ ಸರಿಪಡಿಸಲು ಒದ್ದಾಟ. ನೋಂದಣಿಗೆ ಮೊದಲೇ ಈ ಮಾತು ಆಡಿಕೊಳ್ಳಿ.

ಹಾಗಾದರೆ ಯಾವುದು? ಹಳೇ ಓಣಿಯ ಹಳೇ ಮನೆ, ಮಾರುವವರಲ್ಲಿ ಒಬ್ಬರಾದರೂ ಹತ್ತಿರ ಇದ್ದಾರೆ ಎಂದರೆ, ನಾನು ಬೋರ್ಡನ್ನೇ ಮೊದಲು ಹಾಕುತ್ತೇನೆ. ಅದೂ ಇ-ಖಾತೆ ಕೈಗೆ ಬಂದ ಮೇಲೆ. ಜೊತೆಗೆ ಬರೆದುಕೊಟ್ಟು ಕೆಲಸ ಮಾಡುವ ಒಬ್ಬ ಏಜೆಂಟ್. ಮಕ್ಕಳೆಲ್ಲ ಹೊರ ಊರಿನಲ್ಲಿದ್ದರೆ ಬೋರ್ಡ್ ಬೇಡ. ಒಂಟಿ ಹಿರಿಯರ ಮನೆಗೆ ಅಪರಿಚಿತರನ್ನು ಕರೆದಂತಾಗುತ್ತದೆ. ಆಗ ಏಜೆಂಟರಿಗೆ ಕೊಡುವ ಶೇ. 1 ದುಬಾರಿ ಅಲ್ಲ.

ಕೊಳ್ಳುವಾಗ ಲೆಕ್ಕ ತಿರುಗಿತು. ಮನೆ ಮಾರಿದ ಲಾಭಕ್ಕೆ ತೆರಿಗೆ ಇದೆ, ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಹಾಕಿದ ಮಟ್ಟಿಗೆ ವಿನಾಯಿತಿ ಸಿಗುತ್ತದೆ. ಹಾಗಾಗಿ ತಡ ಮಾಡಲಿಲ್ಲ. ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ಹುಡುಕಲು ಆ್ಯಪ್ ನಿಜಕ್ಕೂ ನೆರವಾಯಿತು. ಒಂದೇ ಕಟ್ಟಡದಲ್ಲಿ ಒಂದೇ ಅಳತೆಯ ನಾಲ್ಕು ಫ್ಲ್ಯಾಟ್ ಮಾರಾಟಕ್ಕಿದ್ದರೆ ದರ ತಾನಾಗಿ ಗೊತ್ತಾಗುತ್ತದೆ. ಅದರಲ್ಲಿ ಎಂಟು ಆರಿಸಿದೆ. ಅಲ್ಲಿಗೆ ನಾನು ಒಬ್ಬಳೇ ಹೋಗಲಿಲ್ಲ, ಧಾರವಾಡದ ಆ ಎರಡನೇ ಏಜೆಂಟರನ್ನೇ ಕರೆದುಕೊಂಡು ಹೋದೆ. ಮೂರು ಫ್ಲ್ಯಾಟ್‌ಗಳನ್ನು ಅವರು ಕಾಗದ ನೋಡಿಯೇ ಬೇಡ ಎಂದರು. ಕೇಶ್ವಾಪುರದ ಎರಡನೇ ಮಹಡಿಯ ಒಂದು ಅವ್ವನಿಗೆ ಹಿಡಿಸಿತು. ಅಡುಗೆಮನೆಯ ಕಿಟಕಿಯಿಂದ ಒಂದು ಬೇವಿನ ಮರ ಕಾಣುತ್ತದೆ. ಕಮಿಷನ್ ಶೇ. 1, ನೋಂದಣಿಯ ದಿನ. ಹಳೇ ಹಾಳೆಯ ಷರತ್ತುಗಳನ್ನೇ ಹೊಸ ತಾರೀಖು ಹಾಕಿ ಬರೆದು ಇಬ್ಬರೂ ಸಹಿ ಮಾಡಿದೆವು.